ಹೊಸ್ತಿಲಿಲ್ಲದ ಮಸೀದಿ

ನಮ್ಮ ಪ್ರವಾಸಕಥನಗಳಲ್ಲಿ ಅರಮನೆಯ ಪ್ರಕರಣ ಬಂದಿತೆಂದರೆ ಲೇಖಕರಿಗೆ ಎರಡೇ ದಾರಿ. ಒಂದು ಬೆರಗಿನದು, ಇನ್ನೊಂದು ನಾಚಿಕೆಯದು. ಬೆರಗಿನವರು ಕೋಣೆಗಳನ್ನು, ಗೊಂಚಲು ದೀಪಗಳನ್ನು, ಚಿನ್ನದ ಲೇಪವನ್ನು ಎಣಿಸುತ್ತಾರೆ. ನಾಚಿಕೆಯವರು ಅಲ್ಲಿಯ ಚೊಕ್ಕಟತನವನ್ನು ಹೊಗಳಿ, ನಮ್ಮವರು ಗೋಡೆಯ ಮೇಲೆ ಹೆಸರು ಕೆತ್ತುತ್ತಾರೆಂದು ಗೋಳಾಡಿ ಮುಗಿಸುತ್ತಾರೆ. ಕಾರಂತರ 'ಅಪೂರ್ವ ಪಶ್ಚಿಮ'ದಂಥ ಪುಸ್ತಕಗಳ ಮಾತು ಬೇರೆ. ಅಲ್ಲಿ ನೋಡುವ ಕಣ್ಣಿಗೆ ತನ್ನದೇ ಒಂದು ಹಟವಿದೆ. ನಾನು ಹೇಳುತ್ತಿರುವುದು ಅನಂತರದ ರಾಶಿಯನ್ನು ಕುರಿತು. ಕವಿತೆಯೊಂದನ್ನು ಓದಿ ಇದು ಗೆದ್ದಿದೆ, ಇದು ಸೋತಿದೆ ಎನ್ನುವ ನಾವು ಕಟ್ಟಡದ ಮುಂದೆ ಮಾತ್ರ ಯಾಕೆ ಕೈಮುಗಿದು ನಿಲ್ಲಬೇಕು? ಅರಮನೆಯೂ ಯಾರೋ ಒಬ್ಬ ಯೋಚಿಸಿ, ಖರ್ಚು ಮಾಡಿ, ಒಂದು ಉದ್ದೇಶದಿಂದ ಮಾಡಿದ ಕೃತಿಯೇ. ಅದನ್ನು ಓದಬೇಕು, ತಕರಾರಿದ್ದರೆ ಹೇಳಬೇಕು.

ನನ್ನ ಮಗಳು ಜರ್ಮನಿಯ ವಾಲ್‌ಡೋರ್ಫ್ ಎಂಬ ಊರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. 2023ರ ಬೇಸಿಗೆ ಸೂಟಿಯಲ್ಲಿ ಅವಳ ಹತ್ತಿರ ಹೋಗಿದ್ದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಶ್ವೆಟ್ಸಿಂಗೆನ್ ಎಂಬ ಸಣ್ಣ ಊರು, ಹೈಡೆಲ್‌ಬರ್ಗ್ ಮತ್ತು ಮಾನ್‌ಹೈಮ್ ಎಂಬ ಎರಡು ದೊಡ್ಡ ಊರುಗಳ ನಡುವೆ. ಆ ಊರಿನ ಅರಮನೆಗೆ ಎರಡು ಸಲ ಹೋದೆ. ಮೊದಲ ಸಲ ಮಗಳ ಜೊತೆ, ಎರಡನೆಯ ಸಲ ಒಬ್ಬಳೇ, ಬಸ್ಸಿನಲ್ಲಿ, ಚೀಲದಲ್ಲಿ ಚಪಾತಿ ಪಲ್ಯ ಕಟ್ಟಿಕೊಂಡು.

ಮೊದಲಿಗೆ ಅರಮನೆಯ ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಬರೋಕ್ ಎಂಬ ಮಾತಿಗೆ ಮೂಲದಲ್ಲಿ ಸೊಟ್ಟ ಮುತ್ತು ಎಂಬ ಅರ್ಥವಿದೆಯೆಂದು ಹೇಳುತ್ತಾರೆ. ಆ ಹೆಸರು ಕೇಳಿ ಬಳುಕುವ ಕಂಬಗಳನ್ನು, ಮೋಡದ ಮೇಲೆ ಕೂತ ದೇವತೆಗಳನ್ನು ನಿರೀಕ್ಷಿಸಿದವರಿಗೆ ಶ್ವೆಟ್ಸಿಂಗೆನ್ನಿನ ಮುಂಭಾಗ ನಿರಾಶೆ ಮಾಡುತ್ತದೆ. ಇದು ಹುಟ್ಟಿದ್ದು ನೀರಿನ ಕಂದಕದ ನಡುವಿನ ಕೋಟೆಮನೆಯಾಗಿ. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಒಮ್ಮೆ, 1689ರಲ್ಲಿ ಫ್ರೆಂಚರ ಕೈಯಲ್ಲಿ ಮತ್ತೊಮ್ಮೆ ಹಾಳಾಯಿತು. ನಮ್ಮ ಬಿಜಾಪುರ ಔರಂಗಜೇಬನ ಕೈಗೆ ಬಿದ್ದದ್ದು 1686ರಲ್ಲಿ. ಮೂರೇ ವರ್ಷದ ಅಂತರ. ಬಿಜಾಪುರದ ಗಗನ ಮಹಲಿನ ಸುಮಾರು 60 ಅಡಿ ಅಗಲದ ಕಮಾನಿನ ಕೆಳಗೆ ಆಮೇಲೆ ಯಾವ ಸುಲ್ತಾನನ ದರ್ಬಾರೂ ಕೂಡಲಿಲ್ಲ. ಶ್ವೆಟ್ಸಿಂಗೆನ್ನಿನಲ್ಲಿ ಮಾತ್ರ ಹಳೆಯ ಗೋಡೆಗಳ ಮೇಲೆಯೇ ಹೊಸ ಕಟ್ಟಡ ಎದ್ದಿತು. ಆ ತೇಪೆ ಹಾಕಿದ ಗುರುತು ಈಗಲೂ ಕಾಣುತ್ತದೆ. ಗಿಡ್ಡ ಗೋಪುರಗಳು, ಸರಳ ಕಿಟಕಿಗಳು. ಒಬ್ಬ ದೊಡ್ಡ ದೇಸಾಯರ ವಾಡೆಯೆಂದರೂ ನಡೆದೀತು.

ಆದರೆ ಅರಮನೆಯ ಹೊಟ್ಟೆಯ ಕೆಳಗಿನ ದಾರಿಯನ್ನು ದಾಟಿ ಹಿಂದಕ್ಕೆ ಬಂದಿರೋ, ಆ ಗಿಡ್ಡತನದ ಕಾರಣ ತಿಳಿಯುತ್ತದೆ. ಇಲ್ಲಿ ಕೃತಿಯೆಂದರೆ ತೋಟ. ಸುಮಾರು 72 ಹೆಕ್ಟೇರು, ಅಂದರೆ ನಮ್ಮ ಲೆಕ್ಕದಲ್ಲಿ 180 ಎಕರೆಯ ಸನಿಹ. 1742ರ ಹೊತ್ತಿಗೆ ಪಟ್ಟಕ್ಕೆ ಬಂದ ಕಾರ್ಲ್ ಥಿಯೋಡೋರ್ ಎಂಬ ದೊರೆಗೆ ಇದು ಬೇಸಿಗೆಯ ಬೀಡು. 1753ರಲ್ಲಿ ಪೆಟ್ರಿ ಎಂಬ ತೋಟಗಾರ ಇಲ್ಲಿ ಒಂದು ಪೂರ್ಣ ವೃತ್ತವನ್ನು ಎಳೆದ. ವೃತ್ತದ ಅರ್ಧವನ್ನು ಬಾಗಿದ ಎರಡು ಉದ್ದನೆಯ ಕಟ್ಟಡಗಳು ಹಿಡಿದಿವೆ, ಉಳಿದರ್ಧವನ್ನು ಬಳ್ಳಿ ಹಬ್ಬಿಸಿದ ಬಾಗಿದ ಚಪ್ಪರಗಳು. ಕಲ್ಲು ಅರ್ಧ, ಎಲೆ ಅರ್ಧ. ಮಧ್ಯದಲ್ಲಿ ಕಾರಂಜಿ. ಎಷ್ಟು ಜಾಣ ಯೋಚನೆ! ಒಪ್ಪಿದೆ. ಆದರೆ ಆ ವೃತ್ತದಲ್ಲಿ ನಡೆಯುವಾಗ ನನಗೆ ಏಳನೆಯ ಇಯತ್ತೆಯ ಕಂಪಾಸು ಪೆಟ್ಟಿಗೆಯೇ ನೆನಪಾಗುತ್ತಿತ್ತು. ಗಿಡಗಳನ್ನು ಸೈನಿಕರ ತಲೆಯಂತೆ ಕತ್ತರಿಸಿದ್ದಾರೆ. ಎಲ್ಲಿ ನಿಂತರೂ ನೋಟ ದೊರೆಯ ಕಿಟಕಿಗೇ ಹೋಗಿ ಸೇರುತ್ತದೆ. ಇಡೀ ತೋಟ ಒಬ್ಬನ ಕಣ್ಣಿಗಾಗಿ ಮಾಡಿದ್ದು, ನಾವು ಆ ಕಣ್ಣಿನಲ್ಲಿ ಬಿದ್ದ ಕಸ ಎಂಬ ಭಾವನೆ ಬರುತ್ತದೆ.

ನಾನು ಮನಸ್ಸು ಕೊಟ್ಟದ್ದು ಸ್ನಾನದ ಮನೆಯ ಬಳಿಯ ಹಕ್ಕಿಗಳಿಗೆ. ಒಂದು ದುಂಡು ಕೊಳ. ನಡುವೆ ಬೇಟೆಯನ್ನು ಉಗುರಲ್ಲಿ ಹಿಡಿದ ಗೂಗೆ. ಮೇಲೆ ಸುತ್ತಲೂ ಕೂತ ಹಕ್ಕಿಗಳೆಲ್ಲ ಅದರ ಮೇಲೆ ನೀರು ಉಗುಳುತ್ತವೆ. ಹಗಲಿನ ಹಕ್ಕಿಗಳು ರಾತ್ರಿಯ ಕಳ್ಳನಿಗೆ ಛೀಮಾರಿ ಹಾಕುವ ಆಟ. ಅರಸನ ತೋಟದಲ್ಲಿ ಉಗುಳಿಸಿಕೊಳ್ಳುವ ಬೇಟೆಗಾರ ಇದ್ದಾನಲ್ಲ ಎಂದು ಸಂತೋಷವಾಯಿತು. ಮಾಡಿದವನು ಆ ಅರ್ಥದಲ್ಲಿ ಮಾಡಿರಲಿಕ್ಕಿಲ್ಲ. ಅಲ್ಲಿಂದ ಮುಂದೆ ಕತ್ತಲೆಯ ಚಪ್ಪರವೊಂದು ಉದ್ದಕ್ಕೆ ಹೋಗುತ್ತದೆ, ಅದರ ಕೊನೆಯಲ್ಲಿ ಬೆಳಕು ತುಂಬಿದ ಬಯಲು, ನದಿ, ದೂರದ ಬೆಟ್ಟ. ಹತ್ತಿರ ಹೋದರೆ ಅದು ಗೋಡೆಗೆ ಬರೆದ ಚಿತ್ರ! ಜನ ಅದಕ್ಕೆ 'ಲೋಕದ ಕೊನೆ' ಎಂದು ಹೆಸರಿಟ್ಟಿದ್ದಾರೆ. ಮಕ್ಕಳನ್ನು ಕರಕೊಂಡು ಹೋಗಬೇಕಾದ ಜಾಗ.

ಇಷ್ಟು ನೀರಿಗೆ ಪಂಪಿಲ್ಲದ ಕಾಲದಲ್ಲಿ ಏನು ಮಾಡಿದರು? ತೋಟದ ಅಂಚಿನ ಹಳ್ಳದ ನೀರಿನಿಂದ ಗಾಲಿ ತಿರುಗಿಸಿ, ಆ ಗಾಲಿಯಿಂದ ನೀರನ್ನು ಎತ್ತರದ ತೊಟ್ಟಿಗೆ ಏರಿಸಿ, ಅಲ್ಲಿಂದ ಕೊಳವೆಗೆ ಬಿಟ್ಟರು. ಬಿಜಾಪುರ ಕಂಡವರಿಗೆ ಇದು ಹೊಸದಲ್ಲ. ತೊರವಿಯ ಕಡೆಯಿಂದ, 1651ರ ಬೇಗಂ ತಲಾಬಿನಿಂದ ಊರೊಳಕ್ಕೆ ನೀರು ತಂದವರು ದಾರಿಯಲ್ಲಿ ಗಂಜುಗಳೆಂಬ ಗೋಪುರಗಳನ್ನು ಕಟ್ಟಿದ್ದರು. ಕೊಳವೆಯಲ್ಲಿ ನೀರಿನ ಒತ್ತಡ ತಗ್ಗಲು, ಹೂಳು ಕೆಳಗೆ ಉಳಿಯಲು ಆ ಉಪಾಯ. ಬೀದಿಯಲ್ಲಿ ನಿಂತ ಆ ಗಂಜುಗಳ ಕಡೆ ನಮ್ಮ ಪ್ರವಾಸಿಗಳು ತಲೆಯೆತ್ತಿಯೂ ನೋಡುವುದಿಲ್ಲ, ಅವರಿಗೆ ಗೋಳಗುಮ್ಮಟದಲ್ಲಿ ಕೂಗಿ ಬರುವ ಅವಸರ. ನೀರಿನ ಮಾತು ಬಂದಾಗ ನನ್ನಂಥವಳಿಗೆ ಇನ್ನೊಂದೂ ನೆನಪಾಗುತ್ತದೆ. ನಾನು ಕಾಲೇಜಿಗೆ ಹೋಗುವ ಕಾಲಕ್ಕೆ, 1989ರಲ್ಲಿ, ನಮ್ಮ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಕೈಯಾರೆ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಕಾರಂಜಿಗೆ ನೀರೆತ್ತುವುದನ್ನು ಹೊಗಳುವಾಗ ನಾನು ಸ್ವಲ್ಪ ಜಿಪುಣಿಯಾದರೆ ಓದುಗರು ಕ್ಷಮಿಸಬೇಕು.

ಈಗ ಮಸೀದಿ. ಹೌದು, ಈ ಅರಮನೆಯ ತೋಟದ ದಕ್ಷಿಣದ ಮೂಲೆಯಲ್ಲಿ ಒಂದು ಮಸೀದಿಯಿದೆ. ಗುಮ್ಮಟ, ಎರಡು ಮಿನಾರು, ಮುಂದೆ ಅಂಗಳವನ್ನು ಸುತ್ತುವರಿದ ಕಮಾನುಗಳ ಪಡಸಾಲೆ. ಪಿಗಾಜ್ ಎಂಬ ವಾಸ್ತುಶಿಲ್ಪಿ 1779ರ ಹೊತ್ತಿಗೆ ಆರಂಭಿಸಿ 1790ರ ದಶಕದವರೆಗೂ ಕಟ್ಟಿದ. ಊರಿನಲ್ಲಿ ಆಗ ಮುಸಲ್ಮಾನರ ವಸತಿಯಿರಲಿಲ್ಲ. ನಮಾಜಿಗಾಗಿ ಕಟ್ಟಿದ್ದೂ ಅಲ್ಲ. ತೋಟದಲ್ಲಿ ಅಪೋಲೋ ಗುಡಿ, ಮಿನರ್ವಾ ಗುಡಿ ಇದ್ದ ಹಾಗೆ ಇದೂ ಒಂದು. ತುರ್ಕರು ವಿಯೆನ್ನಾಕ್ಕೆ ಮುತ್ತಿಗೆ ಹಾಕಿದ್ದು 1683ರಲ್ಲಿ. ನೂರು ವರ್ಷ ಕಳೆದ ಮೇಲೆ ಆ ಭಯ ಹೋಗಿ ಶೋಕಿಯಾಗಿತ್ತು. ಲಂಡನ್ನಿನ ಹತ್ತಿರದ ಕ್ಯೂ ತೋಟದಲ್ಲಿಯೂ 1761ರಲ್ಲಿ ಇಂಥದೊಂದು ಮಸೀದಿಯನ್ನು ಕಟ್ಟಿದ್ದರು, ಅದು ಈಗಿಲ್ಲ. ಭಯ ಸತ್ತ ಮೇಲೆ ಅದರ ಚರ್ಮ ಸುಲಿದು ಗೋಡೆಗೆ ತೂಗುಹಾಕುವುದು ಬೇಟೆಗಾರರ ಪದ್ಧತಿ ತಾನೆ?

ಹೀಗೆಂದು ನಾನು ಮಗಳಿಗೆ ಅಂದಾಗ ಅವಳು, "ಅವ್ವಾ, ಬಂದ ಕೂಡಲೇ ಜಗಳಾ ತಗೀಬ್ಯಾಡ, ಒಳಗ ನೋಡು ಮೊದಲ" ಅಂದಳು. ನೋಡಿದೆ. ಸುಂದರವಾಗಿದೆ, ಸುಳ್ಳು ಹೇಳಲಾರೆ. ಒಳಗಿನ ಬೆಳಕು ಮೆತ್ತಗಿದೆ. ಗೋಡೆಗಳ ಮೇಲೆ ಚಿನ್ನದ ಬಣ್ಣದ ಅರಬ್ಬಿ ಬರಹ, ಅದರ ಕೆಳಗೆ ಜರ್ಮನ್ ಅನುವಾದ. ಹೆಚ್ಚಿನವು ಜ್ಞಾನ, ಸಂಪತ್ತು, ಮೌನ ಇಂಥವನ್ನು ಕುರಿತ ನೀತಿವಾಕ್ಯಗಳು. ಯಾವ ಧರ್ಮದವನೂ ತಲೆದೂಗಬಹುದಾದವು. ಈ ಮಸೀದಿ ಆರಂಭವಾದ 1779ರಲ್ಲೇ ಲೆಸ್ಸಿಂಗ್ ಎಂಬ ಜರ್ಮನ್ ಲೇಖಕ ಯಹೂದಿ, ಕ್ರೈಸ್ತ, ಮುಸಲ್ಮಾನ ಮೂವರೂ ಸಮಾನರೆಂದು ಸಾರುವ 'ನಾಥಾನ್' ನಾಟಕವನ್ನು ಪ್ರಕಟಿಸಿದ್ದ. ಆದ್ದರಿಂದ ಈ ಕಟ್ಟಡವನ್ನು ಸಹಿಷ್ಣುತೆಯ ಸ್ಮಾರಕವೆಂದು ಓದುವವರಿದ್ದಾರೆ. ಆ ಗಾಳಿ ಆಗ ಬೀಸುತ್ತಿದ್ದುದು ನಿಜ. ಆದರೆ ಆ ಅರಬ್ಬಿಯಲ್ಲಿ ತಪ್ಪುಗಳಿವೆಯೆಂದು ಬಲ್ಲವರು ತೋರಿಸಿದ್ದಾರೆ. ನನಗೆ ಅರಬ್ಬಿ ಬರುವುದಿಲ್ಲ, ಆದರೆ ಮೂವತ್ತು ವರ್ಷ ಪಟ್ಟಿ ತಿದ್ದಿದವಳಿಗೆ ಒಂದು ತಿಳಿಯುತ್ತದೆ: ತಪ್ಪು ಬರೆದ ಹುಡುಗನ ಮೇಲೆ ಸಿಟ್ಟಿಲ್ಲ, ಬರೆದದ್ದನ್ನು ಓದುವವರು ಇಲ್ಲೇ ಒಬ್ಬರಾದರೂ ಇದ್ದಾರೆಂಬ ಎಣಿಕೆಯೇ ಇಲ್ಲದೆ ಬರೆದ ಬರಹ ಬೇರೆ ಥರ ಇರುತ್ತದೆ. ಬಿಜಾಪುರದ ಇಬ್ರಾಹಿಂ ರೋಜಾದ ಕಿಟಕಿಗಳನ್ನು ನೆನೆಯಿರಿ. ಅಲ್ಲಿ ಅಕ್ಷರಗಳನ್ನು ಕಲ್ಲಿನ ಮೇಲೆ ಬರೆದಿಲ್ಲ, ಕಲ್ಲನ್ನೇ ಕೊರೆದು ಅಕ್ಷರದ ಜಾಲರಿ ಮಾಡಿದ್ದಾರೆ. ಅಕ್ಷರದ ಸಂದಿಯಿಂದಲೇ ಒಳಗೆ ಬೆಳಕು ಬರಬೇಕು. ಶ್ವೆಟ್ಸಿಂಗೆನ್ನಿನ ಅಕ್ಷರ ಸೀರೆಯ ಸೆರಗಿನ ಬುಟ್ಟಾದಂತೆ. ತೆಗೆದರೂ ಸೀರೆ ಸೀರೆಯೇ.

ಆದರೂ ಈ ಕಟ್ಟಡಕ್ಕೆ ಒಂದು ಗೌರವ ಸಲ್ಲಬೇಕು. 1870-71ರ ಯುದ್ಧದಲ್ಲಿ ಫ್ರೆಂಚ್ ಸೈನ್ಯದ ಉತ್ತರ ಆಫ್ರಿಕದ ಮುಸಲ್ಮಾನ ಸೈನಿಕರು ಸೆರೆಸಿಕ್ಕು ಈ ಊರಿನ ಆಸ್ಪತ್ರೆಗೆ ಬಂದಿದ್ದರೆಂದೂ, ಅವರು ಇಲ್ಲಿ ನಮಾಜು ಮಾಡಿದರೆಂದೂ ಹೇಳುತ್ತಾರೆ. ಗಾಯಗೊಂಡ ಆ ಪರದೇಶಿಗಳಿಗೆ, ದೊರೆಯೊಬ್ಬನ ಶೋಕಿಯ ಗುಮ್ಮಟ ಕಂಡಾಗ ಏನನ್ನಿಸಿರಬೇಕು! ಎಂದೋ ನಾಟಕಕ್ಕೆ ಹಾಕಿದ ಪರದೆಯ ಮನೆಯಲ್ಲಿ ಒಬ್ಬ ನಿಜವಾಗಿ ದೀಪ ಹಚ್ಚಿದ ಹಾಗೆ. ನನ್ನ ಮಟ್ಟಿಗೆ ಆ ಕೆಲವು ದಿನಗಳ ಮಟ್ಟಿಗೆ ಅದು ಮಸೀದಿಯಾಗಿತ್ತು.

ಮಸೀದಿಯ ಹಿಂದೆ ಕೆರೆ. ಕೆರೆಯ ಆಚೆ ದಂಡೆಯಲ್ಲಿ ಬುಧದೇವತೆಯ, ಅಂದರೆ ಮರ್ಕ್ಯುರಿಯ ಗುಡಿ. ಅದು ಹಾಳುಬಿದ್ದಿದೆ. ಬಿದ್ದದ್ದಲ್ಲ, ಬಿದ್ದ ಹಾಗೆಯೇ ಕಟ್ಟಿದ್ದು! ಹೊಸ ಕಲ್ಲು ತಂದು, ಕೂಲಿ ಕೊಟ್ಟು, ಒಡಕು ಮೂಡಿಸಿ ಹಾಳು ಕಟ್ಟಿಸಿದ್ದಾರೆ. ಬಿಜಾಪುರ ಜಿಲ್ಲೆಯ ಕಡೆಯವರಿಗೆ ಇದಕ್ಕಿಂತ ದೊಡ್ಡ ನಗೆಚಾಟಿಕೆ ಬೇಕೆ? ನಮ್ಮ ಬಾರಾ ಕಮಾನು ಮೇಲೇಳುವ ಮೊದಲೇ ನಿಂತುಹೋದದ್ದು. ತೊರವಿಯ ಸಂಗೀತ ಮಹಲು, ಎರಡನೆಯ ಇಬ್ರಾಹಿಮನು 1599ರಲ್ಲಿ ಕಟ್ಟಲಾರಂಭಿಸಿದ ನವರಸಪುರದ ಉಳಿಕೆ; 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಸಿಕ್ಕು ಆ ಊರೇ ಹೋಯಿತು. ಕುಮಾರ ವಾಲ್ಮೀಕಿ ಕನ್ನಡದಲ್ಲಿ ರಾಮಾಯಣ ಬರೆದ ಅದೇ ತೊರವಿ. ನಮಗೆ ಹಾಳು ಪುಕ್ಕಟೆ ಸಿಕ್ಕಿದೆ, ಅದಕ್ಕೇ ಅದರ ಬೆಲೆ ತಿಳಿಯದೇನೋ. ಅವರಿಗೂ ನಿಜವಾದ ಹಾಳು ಹತ್ತಿರದಲ್ಲೇ ಇತ್ತು, ಹೈಡೆಲ್‌ಬರ್ಗಿನ ಒಡೆದ ಕೋಟೆ. ಆದರೂ ತಮ್ಮದೇ ತೋಟದಲ್ಲಿ, ಚಹಾ ಕುಡಿಯುತ್ತ ನೋಡಲು, ನೋವಿಲ್ಲದ ಹಾಳು ಬೇಕಾಯಿತು. ಕಾರ್ಲ್ ಥಿಯೋಡೋರ್ ಸತ್ತದ್ದು 1799ರಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿದ್ದ. ಟಿಪ್ಪುವಿನ ಮೇಲೆ ಯುದ್ಧ ಮಾಡಿದ್ದ, ಜಮಖಂಡಿ ಸಂಸ್ಥಾನಿಕರ ಮೂಲಪುರುಷ ಪರಶುರಾಮಭಾವು ಪಟವರ್ಧನ ಕೂಡ ಅದೇ ವರ್ಷ ಕೊಲ್ಲಾಪುರದವರೊಡನೆ ಕಾದಿ ಸತ್ತ. ಮೂವರಲ್ಲಿ ಹಾಸಿಗೆಯ ಮೇಲೆ ಸತ್ತವನು ಸುಳ್ಳು ಹಾಳಿನ ಯಜಮಾನ ಒಬ್ಬನೇ.

ಇರಲಿ. ನಾನು ಇಷ್ಟೆಲ್ಲ ಬರೆಯಲು ಕಾರಣ ಬೇರೆಯೇ ಇದೆ. ಆ ಮಸೀದಿಯ ಗುಮ್ಮಟದ ನಟ್ಟನಡುವೆ ನಾನು ನಿಂತಿದ್ದೆ. ಕಾಲಲ್ಲಿ ಬೂಟು. ತಲೆಯ ಮೇಲೆ ಸೆರಗಿಲ್ಲ. ಯಾರೂ ಏನೂ ಅನ್ನಲಿಲ್ಲ. ಆಗ ಬಿಜಾಪುರದ ಆಸಾರ ಮಹಲು ನೆನಪಾಯಿತು. ಸಾವಳಗಿಯಿಂದ ಬಿಜಾಪುರಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ, ಆದರೆ ಆಸಾರ ಮಹಲಿನ ಒಳಗೆ ಒಮ್ಮೆಯೂ ಕಾಲಿಟ್ಟಿಲ್ಲ. ಅಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ. 1646ರ ಸುಮಾರಿಗೆ ಮಹಮ್ಮದ್ ಆದಿಲ್ ಶಾಹ ಅದನ್ನು ಕಟ್ಟಿಸಿದ್ದು ನ್ಯಾಯ ಹೇಳುವ ಮನೆಯಾಗಿ. ಆಮೇಲೆ ಪ್ರವಾದಿಯವರ ಪವಿತ್ರ ಕೇಶವನ್ನು ಅಲ್ಲಿಟ್ಟರು, ಅದರಿಂದಲೇ ಆಸಾರ ಎಂಬ ಹೆಸರು. ಮುಂದೆ ದೊಡ್ಡ ಹೊಂಡ. ಅದರ ದಂಡೆಯಿಂದ ನೋಡಿದರೆ ಛಾವಣಿಯನ್ನು ಹೊತ್ತ ನಾಲ್ಕು ಸಾಗವಾನಿಯ ಭಾರಿ ಕಂಬಗಳು ಕಾಣುತ್ತವೆ. ಅವನ್ನು ನಾನು ಕಂಡಿದ್ದೇನೆ. ಮಾಳಿಗೆಯ ಕೋಣೆಗಳಲ್ಲಿ ಭಿತ್ತಿಚಿತ್ರಗಳಿವೆ: ಹೂದಾನಿಗಳು, ಬಳ್ಳಿಗಳು, ಮನುಷ್ಯರ ಆಕೃತಿಗಳು, ಅವುಗಳಲ್ಲಿ ಹೆಣ್ಣಿನವೂ ಇವೆ. ಅದರಲ್ಲಿ ಯುರೋಪಿನ ಕೈ ಕಾಣುತ್ತದೆಂದು ಪಂಡಿತರು ಹೇಳುತ್ತಾರೆ. ಕಂಡರೆ ಆಶ್ಚರ್ಯವಿಲ್ಲ, ಪ್ರಾಗ್‌ನಲ್ಲಿ ಚಕ್ರವರ್ತಿ ರುಡಾಲ್ಫನ ಬಳಿ ಇದ್ದ ಹೇಡಾ ಎಂಬ ಡಚ್ ಚಿತ್ರಕಾರ ಈ ಮಹಲಿಗಿಂತ ಮೊದಲೇ, 1610ರ ಹೊತ್ತಿಗೆ, ಬಿಜಾಪುರದ ಆಸ್ಥಾನಕ್ಕೆ ಬಂದು ನೆಲೆನಿಂತಿದ್ದ. ಈ ಚಿತ್ರಗಳನ್ನು ನಾನು ಪುಸ್ತಕದಲ್ಲಿ ನೋಡಿ ಪಾಠ ಮಾಡಿದವಳು. ಬಣ್ಣದ ಹೆಂಗಸರು ಒಳಗೆ, ಜೀವದ ಹೆಂಗಸರು ಹೊಂಡದ ದಂಡೆಯ ಮೇಲೆ.

ಆಸಾರ ಮಹಲಿನಲ್ಲಿ ಒಂದು ಗ್ರಂಥಭಂಡಾರವೂ ಇತ್ತು. ಉಳಿದಿದ್ದ ನಾಲ್ಕು ನೂರಕ್ಕೂ ಹೆಚ್ಚು ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ಅವು ಸೇರಿದ ಇಂಡಿಯಾ ಆಫೀಸ್ ಗ್ರಂಥಾಲಯದ ಅರಬ್ಬಿ ಹಸ್ತಪ್ರತಿಗಳ ಸೂಚಿಯನ್ನು 1877ರಲ್ಲಿ ಪ್ರಕಟಿಸಿದವನು ಓಟೊ ಲೋತ್, ಒಬ್ಬ ಜರ್ಮನ್ ಪಂಡಿತ. ಶ್ವೆಟ್ಸಿಂಗೆನ್ನಿನ ಗೋಡೆಯ ಮೇಲೆ ತಪ್ಪು ಅರಬ್ಬಿ ಬರೆದ ನೂರು ವರ್ಷದೊಳಗೆ ಅದೇ ಭಾಷೆಯ ಜನ ಬಿಜಾಪುರದ ಅರಬ್ಬಿಯನ್ನು ಸಾಲುಸಾಲಾಗಿ ಓದಬಲ್ಲವರಾಗಿದ್ದರು. ಅವರ ಈ ಕಲಿಯುವ ಹಟಕ್ಕೆ ನಾನು ತಲೆಬಾಗುತ್ತೇನೆ, ಅವರ ಕಾರಂಜಿಗಿಂತ ಹೆಚ್ಚಾಗಿ.

ಮಗಳಿಗೆ ನಾನು ಹೇಳಿದೆ: ಪೂಜ್ಯವಾದದ್ದು ಎಲ್ಲಿರುತ್ತದೋ ಅಲ್ಲಿ ಹೊಸ್ತಿಲಿರುತ್ತದೆ. ಈ ಮಸೀದಿಯಲ್ಲಿ ಪೂಜ್ಯವಾದದ್ದು ಏನೂ ಇಲ್ಲ, ಅದಕ್ಕೇ ಬೂಟು ಹಾಕಿಕೊಂಡು ನಡುಮನೆಯಲ್ಲಿ ನಿಂತಿದ್ದೇವೆ. ಅವಳು ಒಪ್ಪಲಿಲ್ಲ.

"ಹೊಸ್ತಿಲಾ ಇರಲಿ ಅವ್ವಾ. ಬೂಟ ಬಿಚ್ಚಂದ್ರ ಬಿಚ್ತೀನಿ, ತಲಿ ಮ್ಯಾಲ ಸೆರಗ ಹಾಕ್ಕೋ ಅಂದ್ರ ಹಾಕ್ಕೋತೀನಿ. ಆದ್ರ ಗಂಡಸರಿಗೆ ಚಪ್ಪಲಿ ಬಿಟ್ರ ಸಾಕು, ನಮಗ ನಮ್ಮನ್ನ ನಾವ ಹೊರಗ ಬಿಟ್ಟ ಬಾ ಅಂದ್ರ ಹ್ಯಾಂಗ?"

ನಾನು ಉತ್ತರ ಕೊಡಲಿಲ್ಲ, ಯಾಕೆಂದರೆ ಅವಳು ಕೇಳಿದ್ದು ಒಂದು ಧರ್ಮದ ಪ್ರಶ್ನೆಯಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಶನಿ ಶಿಂಗಣಾಪುರಕ್ಕೆ ಹೋಗಿ ಕಟ್ಟೆಯ ಕೆಳಗಿನಿಂದಲೇ ಕೈಮುಗಿದು ಬರುತ್ತಿದ್ದುದು ಎಷ್ಟು ವರ್ಷ? 2016ರ ಏಪ್ರಿಲಿನಲ್ಲಿ ಆ ಕಟ್ಟೆ ಹೆಂಗಸರಿಗೂ ತೆರೆಯಿತು. ಅದೇ ವರ್ಷ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪಿನಿಂದ ಹಾಜಿ ಅಲಿ ದರ್ಗಾದ ಒಳಗೂ ಹೆಂಗಸರು ಹೋದರು. ಕೇಸು ಹಾಕಿದವರು ಅವರವರ ಮನೆಯ ಹೆಣ್ಣುಮಕ್ಕಳೇ. ಆಸಾರ ಮಹಲಿನ ವಿಷಯದಲ್ಲಿಯೂ ಮೊದಲ ಮಾತು ಆಡಬೇಕಾದವರು ಬಿಜಾಪುರದ ಮುಸಲ್ಮಾನ ಹೆಣ್ಣುಮಕ್ಕಳು. ಅವರು ಬೇಡವೆಂದರೆ ಅವರ ಪರವಾಗಿ ನಾನು ಬಾಗಿಲು ಬಡಿಯುವವಳಲ್ಲ. ಆದರೆ ಮಾಳಿಗೆಯ ಚಿತ್ರಗಳು ಪೂಜ್ಯವಸ್ತುಗಳಲ್ಲ. ಅವು ಬಿಜಾಪುರದ ಕಣ್ಣು ಹೇಗಿತ್ತೆಂಬುದರ ದಾಖಲೆ. ಆಸಾರ ಮಹಲಿನ ಹಳೆಯ ಜಮಖಾನೆಗಳನ್ನು ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ತಂದಿಟ್ಟಿದ್ದಾರೆ, ಅವನ್ನು ನಾವೂ ನೋಡುತ್ತೇವೆ. ಗಂಡಸರು ತುಳಿದ ಜಮಖಾನೆ ನೋಡಲು ಅಡ್ಡಿಯಿಲ್ಲವಾದರೆ, ಚಿತ್ರಗಳ ಅಳತೆಗೆ ತಕ್ಕ ನಕಲುಗಳನ್ನು ಮಾಡಿಸಿ ಅಲ್ಲೇ ತೂಗುಹಾಕಲು ಏನಡ್ಡಿ? ಶ್ವೆಟ್ಸಿಂಗೆನ್ನಿನವರು ಒಂದು ಸುಳ್ಳು ಬಯಲನ್ನು ಗೋಡೆಗೆ ಬರೆದು ಅದಕ್ಕೊಂದು ಚಪ್ಪರ ಕಟ್ಟಿ ಜನರಿಗೆ ತೋರಿಸುತ್ತಾರೆ. ನಮ್ಮದು ನಿಜವಾದ ಚಿತ್ರ.

ನಮ್ಮ ಶಾಲೆಯ ಸಹಲಿಗೆ ಬಿಜಾಪುರ ಗೊತ್ತುಮಾಡಿದಾಗಲೆಲ್ಲ ನಾನು ಹುಡುಗಿಯರ ಜೊತೆ ಹೊಂಡದ ದಂಡೆಯ ಮೇಲೆ ಕೂಡುತ್ತೇನೆ. ಹುಡುಗರು ಗುರುಗಳ ಹಿಂದೆ ಸಾಲಾಗಿ ಒಳಗೆ ಹೋಗಿ ಬರುತ್ತಾರೆ. ಹೋದ ವರ್ಷ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಪಟ್ಟಿ, ಪೆನ್ಸಿಲು ಹಿಡಿದು ಕಾದಿದ್ದಳು. ಹೊರಗೆ ಬಂದ ಮೊದಲ ಹುಡುಗನನ್ನು ತಡೆದು, "ಒಳಗ ಏನೇನ ಐತಿ ಸರಿಯಾಗಿ ಹೇಳು, ಬರಕೋತೀನಿ" ಅಂದಳು. ಅವನು ತಲೆ ಕೆರೆದುಕೊಂಡ. "ಕತ್ತಲ ಐತಿ," ಅಂದ. "ದೊಡ್ಡ ದೊಡ್ಡ ಕಂಬ ಅದಾವ." ಅವಳು ಕಂಬಗಳ ಕಡೆ ಕೈಮಾಡಿ, "ಅವು ನನಗೂ ಕಾಣ್ತಾವ, ಮುಂದ ಹೇಳು" ಅಂದಳು. ಅಷ್ಟರಲ್ಲಿ ಬಸ್ಸಿನವನು ಹಾರ್ನು ಬಾರಿಸಿದ. ಪಟ್ಟಿಯಲ್ಲಿ ಅವಳು ಆಸಾರ ಮಹಲ್ ಎಂದು ತಲೆಬರಹ ಬರೆದು, ಕೆಳಗೆ ಹತ್ತು ಸಾಲು ಖಾಲಿ ಬಿಟ್ಟಿದ್ದಳು.